ಟ್ರಕ್ಕು ನೋಡುವ ಶಾಸ್ತ್ರ

ನನ್ನ ಗಂಡನಿಗೆ ಟ್ರಕ್ಕಿನ ಹುಚ್ಚು ಹಿಡಿದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಬೆಳಗಾವಿಯ ಅಂಚಿನ ವಡಗಾವಿಯ ನಮ್ಮ ಮನೆಯಲ್ಲಿ ಆಗ ಎರಡು ಕುಣಿಮಗ್ಗಗಳಿದ್ದವು, ಒಂದು ಅವರದು, ಒಂದು ನನ್ನದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಸೀರೆ ನೇಯುತ್ತಿದ್ದೆವು. ಖಾನಾಪುರದ ಹಂಚಿನ ಭಟ್ಟಿಯ ಮಾಲಕರೊಬ್ಬರು ತಮ್ಮ ಹಳೆಯ ಟ್ರಕ್ಕು ಮಾರುತ್ತಾರೆಂದು ಯಾರೋ ಇವರ ಕಿವಿಯಲ್ಲಿ ಊದಿದರು. ಎರಡೂ ಮಗ್ಗ ಮಾರಿ ಅದನ್ನು ಕೊಳ್ಳುವುದೆಂದು ಇವರು ಊಟಕ್ಕೆ ಕೂತಾಗ ಹೇಳಿಬಿಟ್ಟರು. ನನ್ನ ಮಗ್ಗದ ವಿಷಯ ನನ್ನನ್ನು ಕೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು.

ಗಾಡಿಯಲ್ಲಿ ದೋಷವಿದೆ ಎಂಬುದು ಮೊದಲೇ ತಿಳಿದಿತ್ತು. ರೇಡಿಯೇಟರು ಸೋರುತ್ತದೆ, ಹೊಗೆ ಜಾಸ್ತಿ, ಎರಡನೇ ಗೇರು ತನಗೆ ಮನಸ್ಸು ಬಂದಾಗ ಮಾತ್ರ ಬೀಳುತ್ತದೆ. ಸೈಕಲ್ಲನ್ನೇ ನೆಟ್ಟಗೆ ಹೊಡೆಯಲು ಬಾರದ ನನ್ನ ಗಂಡನಿಗೆ ಇವೆಲ್ಲ ಸಣ್ಣ ಮಾತು. ಮನೆಯಲ್ಲಿ ಚರ್ಚೆ ನಡೆದದ್ದು ಟ್ರಕ್ಕಿನ ಹಣೆಯ ಮೇಲೆ ಯಾವ ದೇವರ ಹೆಸರು ಬರೆಸಬೇಕೆಂದು. ಅತ್ತೆಗೆ ಬನಶಂಕರಿಯೇ ಆಗಬೇಕು, ಇವರಿಗೆ ಬಸವೇಶ್ವರ. ತಾಯಿ ಮಗ ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟರು. ಕೊನೆಗೆ ಮುಂದೆ ತಾಯಿಯ ದೇವರು, ಹಿಂದೆ ಮಗನ ದೇವರು ಎಂದು ರಾಜಿಯಾಯಿತು. ಎಂಜಿನ್ನಿನ ಸುದ್ದಿ ಯಾರೂ ಎತ್ತಲಿಲ್ಲ.

ನೋಡಲು ಹೋಗುವ ದಿನ ಅತ್ತೆ ನನ್ನ ಕೈಗೆ ಆರತಿ ತಟ್ಟೆ, ತೆಂಗಿನಕಾಯಿ, ಲಿಂಬೆಹಣ್ಣು ಕೊಟ್ಟರು.

"ಮುತ್ತೈದಿ ಆರತಿ ಮಾಡದ ಗಾಡಿ ಮನಿಗೆ ತರಬಾರ್ದು. ನೀನೂ ಹೋಗು," ಅಂದರು.

ಇನ್ನೂ ಕೊಳ್ಳದ ಗಾಡಿಗೆ ಆರತಿ ಹಿಡಿದುಕೊಂಡು ನಾನು ಖಾನಾಪುರದ ಬಸ್ಸು ಹತ್ತಿದೆ.

ಭಟ್ಟಿಯ ಮಾಲಕರು ಬಾಗಿಲಲ್ಲೇ ಕೈ ಮುಗಿದರು. ಮನೆಮಾತು ಮರಾಠಿ, ಕನ್ನಡವಂತೂ ಜೇನು. "ಯಾ ಯಾ, ಬರ್ರಿ ವೈನಿ, ಕುಂದರ್ರಿ. ಮೊದಲ ಚಹಾ-ಪೋಹೆ ಆಗಲಿ, ಗಾಡಿ ಎಲ್ಲಿ ಓಡಿ ಹೋಗತೈತಿ?" ಅಂಗಳದಾಚೆ ಇಳಿಜಾರಿನಲ್ಲಿ ಟ್ರಕ್ಕು ಗಾಲಿಗೆ ಕಲ್ಲು ಕೊಟ್ಟುಕೊಂಡು ನಿಂತಿತ್ತು. ಎಂಜಿನ್ನು ಆಗಲೇ ಚಾಲೂ ಇತ್ತು. ನಾವು ಅವಲಕ್ಕಿಯ ಪೋಹೆ ತಿಂದು, ಚಹಾ ಕುಡಿದು, ಮತ್ತೊಮ್ಮೆ ಚಹಾ ಕುಡಿದರೂ ಅದು ಗಡಗಡ ಅನ್ನುತ್ತಲೇ ಇತ್ತು.

"ಹೊಗಿ ಭಾಳ ಐತಲ್ರಿ," ಅಂದೆ.

"ತಾಕತ್ತಿನ ಗಾಡಿ ಅಂದ್ರ ಹಂಗ ಇರತೈತಿ," ಎಂದು ಉತ್ತರ ಕೊಟ್ಟವರು ಮಾಲಕರಲ್ಲ, ನನ್ನ ಗಂಡ.

ಆಮೇಲೆ ಇವರು ಕ್ಯಾಬಿನ್ ಹತ್ತಿ ಕೂತರು. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ಗಾಜಿನಾಚೆಯ ರಸ್ತೆ ನೋಡಿದರು. ಮದುವೆಯಾದಾಗಿನಿಂದ ಅವರ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ. ಚಡ್ಡಿ ಹಾಕುವ ವಯಸ್ಸಿನಿಂದ ಕುಣಿಯಲ್ಲಿ ಕೂತ ಮನುಷ್ಯ ಮೊದಲ ಸಲ ಎಲ್ಲರಿಗಿಂತ ಎತ್ತರದಲ್ಲಿ ಕೂತಿದ್ದರು.

ಆದರೂ ನನ್ನ ಮಗ್ಗ ಕಣ್ಣ ಮುಂದೆ ಬಂತು. ಇವರ ಮನೆಯವರು ನನ್ನನ್ನು ನೋಡಲು ಬಂದಾಗ ನಡೆಸಿ ನೋಡಿದ್ದರು, ಹಾಡಿಸಿದ್ದರು, ಹರಿದ ಎಳೆ ಕೊಟ್ಟು ಗಂಟು ಹಾಕಿಸಿದ್ದರು. ಈ ಟ್ರಕ್ಕಿಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

"ಸಾವಕಾರ್ರ, ಒಮ್ಮಿ ಬಂದ್ ಮಾಡಿ ಮತ್ತ ಚಾಲೂ ಮಾಡಿ ತೋರಸ್ರಿ," ಅಂದೆ.

ಮಾಲಕರ ನಗು ಅರ್ಧಕ್ಕೆ ನಿಂತಿತು. "ಚಾಲೂ ಇದ್ದದ್ದು ಯಾಕ ಬಂದ್ ಮಾಡೂದು ವೈನಿ? ಅಪಶಕುನ ಅಲ್ಲೇನ್ರಿ?"

"ನಮ್ಮಲ್ಲಿ ಚಾಲೂ ಇದ್ದ ಗಾಡಿಗೆ ಆರತಿ ಮಾಡೂದಿಲ್ರಿ," ಎಂದು ನಿಂತಲ್ಲೇ ಒಂದು ಶಾಸ್ತ್ರ ಹುಟ್ಟಿಸಿದೆ. ಶಾಸ್ತ್ರ ಅಂದ ಮೇಲೆ ಅವರ ಬಾಯಿ ಕಟ್ಟಿತು.

ಎಂಜಿನ್ನು ನಿಂತಿತು. ನಾನು ಸಾವಕಾಶವಾಗಿ ಆರತಿ ಎತ್ತಿದೆ. ಆಮೇಲೆ ಅದು ಏಳಲಿಲ್ಲ. ಮಾಲಕರು ಇವರ ಪಕ್ಕದಿಂದ ಕೈ ಚಾಚಿ ಚಾವಿ ತಿರುವಿದರು, ಬಾನೆಟ್ಟು ಬಡಿದರು, ಮರಾಠಿಯಲ್ಲಿ ಬೈದರು. ಕೊನೆಗೆ, "ಇಳಿಜಾರಿಗೆ ಬಿಟ್ರ ತಾನ ಚಾಲೂ ಆಗತೈತಿ," ಎಂದು ಇವರನ್ನು ಕೆಳಗಿಳಿಸಿ, ಗಾಲಿಯ ಕಲ್ಲು ತೆಗೆಸಿ, ತಾವೇ ಸ್ಟೇರಿಂಗ್ ಹಿಡಿದರು. ಟ್ರಕ್ಕು ಸದ್ದಿಲ್ಲದೆ ಉರುಳಿ ಕೆಳಗಿನ ಬೆಳಗಾವಿ ರಸ್ತೆಗೆ ಅಡ್ಡವಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ನಾವು ಮರಳಿ ಹೋಗಬೇಕಾದ ಬಸ್ಸೇ ಅಲ್ಲಿಗೆ ಬಂದು ಹಾರ್ನು ಹೊಡೆಯಿತು. ಪ್ರಯಾಣಿಕರೆಲ್ಲ ಇಳಿದು ಟ್ರಕ್ಕನ್ನು ಬದಿಗೆ ನೂಕಿದರು. ಇಸ್ತ್ರಿ ಮಾಡಿದ ಧೋತರದಲ್ಲಿ ನನ್ನ ಗಂಡನೂ ನೂಕಿದರು.

"ಇಂಥಾ ಡಬ್ಬಾ ಯಾವ ಶಾಣ್ಯಾ ತೊಗೊಂಡಾನೋ!" ಎಂದು ಬಾಜುವಿನಲ್ಲಿ ನೂಕುತ್ತಿದ್ದವ ಇವರನ್ನೇ ಕೇಳಿದ.

ಇವರು ಇನ್ನಷ್ಟು ಜೋರಾಗಿ ನೂಕಿದರು. ಬಸ್ಸು ಹತ್ತುವಾಗ, "ಮಗ್ಗ ಕೊಡೂದು ಬ್ಯಾಡ ಬಿಡು," ಅಂದರು, ಅಷ್ಟೇ. ನನ್ನ ಮಗ್ಗ ಉಳಿಯಿತು. ಕುಣಿಯಬೇಕಾದವಳು ನಾನು, ಆದರೆ ಅವರ ಬತ್ತಿದ ಮುಖ ನೋಡಿ ಅಳು ಬಂತು. ಡ್ರೈವರನ ಪಕ್ಕದ ಸೀಟಿನ ಮೇಲೆ ಯಾರದೋ ಗಂಟು ಇತ್ತು. ಅದನ್ನು ಎತ್ತಿ ಕೆಳಗಿಟ್ಟೆ.

"ನೀವು ಇಲ್ಲಿ ಕುಂದರ್ರಿ," ಅಂದೆ.

ಕೂತರು. ಮುಂದಿನ ದೊಡ್ಡ ಗಾಜಿನಲ್ಲಿ ರಸ್ತೆಯೆಲ್ಲ ಕಾಣುತ್ತಿತ್ತು. ಊರು ದಾಟುವಷ್ಟರಲ್ಲಿ ಇವರು ಯಾವ ಏರಿಗೆ ಯಾವ ಗೇರು ಹಾಕಬೇಕೆಂದು ಡ್ರೈವರನಿಗೆ ಹೇಳಿಕೊಡಲು ಶುರು ಮಾಡಿದರು. ಅವನು ಕೆಂಗಣ್ಣು ಬಿಟ್ಟು ನನ್ನತ್ತ ತಿರುಗಿದ. ತೆಂಗಿನಕಾಯಿ ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದ ನಾನು ಇವರಿಗೆ ಕಾಣದಂತೆ ಅವನಿಗೆ ಕೈ ಮುಗಿದೆ.