ಕ್ಯಾಲೆಂಡರ್ ಹಾಳೆಯನ್ನು ನಂಬಿದ ಮಾಸ್ತರ

ದನಿ ಒಡೆದದ್ದು ಪ್ರಾರ್ಥನೆಯ ಹೊತ್ತಿನಲ್ಲಿ. ಶಿರೋಳದ ನಮ್ಮ ಶಾಲೆಯಲ್ಲಿ ದಿನಾ ಸುವಿಚಾರ ಓದುವವನು ನಾನೇ. ಮನೆಯ ಕ್ಯಾಲೆಂಡರಿನಿಂದ ಆ ದಿನದ ಹಾಳೆ ಹರಿದುಕೊಂಡು ಹೋಗಿ, ಅದರ ಕೆಳಗೆ ಅಚ್ಚಾಗಿರುವ ಬದುಕಿನ ಮಾತನ್ನು ಬೋರ್ಡಿನ ಮೇಲೆ ಬರೆದು, ಗಟ್ಟಿಯಾಗಿ ಓದುತ್ತಿದ್ದೆ. ಅಂದು ಅರ್ಧಕ್ಕೆ ಗಂಟಲು ಕೈಕೊಟ್ಟಿತು. ಮಕ್ಕಳು ನಕ್ಕರು. ನಾನೂ ನಕ್ಕೆ.

ತಿಂಗಳಾದರೂ ದನಿ ತಿಳಿಯಾಗಲಿಲ್ಲ. ನರಗುಂದದಲ್ಲಿ ತೋರಿಸಿದೆ, ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದರು. ಬಯಾಪ್ಸಿ ಮಾಡಿದರು.

ಕ್ಯಾನ್ಸರ್.

"ಲಗೂ ಬಂದೀರಿ. ರೇಡಿಯೇಶನ್ ಕೊಟ್ರ ದನೀನೂ ಉಳಿಯೂ ಹಂಗೈತಿ. ತಡಾ ಮಾಡಬ್ಯಾಡ್ರಿ," ಅಂದರು ಡಾಕ್ಟರು.

ತಡ ಮಾಡಿದೆ. ಹೆದರಿಕೆ ಇತ್ತು, ಒಪ್ಪಿಕೊಳ್ಳಲು ನಾಚಿಕೆಯಿತ್ತು. ಆ ವಾರದ ಒಂದು ಹಾಳೆಯಲ್ಲಿ ಮೌನವೇ ದೊಡ್ಡ ಔಷಧ ಎನ್ನುವ ಅರ್ಥದ ಮಾತು ಸಿಕ್ಕಿತು. ನನಗಾಗಿಯೇ ಅಚ್ಚು ಹಾಕಿದ್ದಾರೆ ಅನ್ನಿಸಿತು. ರಜೆ ಹಾಕಿ ಮೌನ ಹಿಡಿದೆ. ಮಾತಾಡಿಸಲು ಬಂದವರು ಬಾಳೆಹಣ್ಣು, ಬಿಸ್ಕಿಟಿನ ಜೊತೆ ಬದುಕಿನ ಬಗ್ಗೆ ಒಂದೊಂದು ದೊಡ್ಡ ಮಾತನ್ನೂ ತರುತ್ತಿದ್ದರು. ಅವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಖರೇ ಹೇಳಬೇಕೆಂದರೆ, ಆ ದಿನಗಳಲ್ಲಿ ನಾನು ಸಣ್ಣ ಸ್ವಾಮಿಯಂತೆ ಮೆರೆದೆ.

ಹೆಂಡತಿ ಕಮಲವ್ವ ಮಾತ್ರ ದಿನಾ ಒಂದೇ ಪಾಠ ಒಪ್ಪಿಸುತ್ತಿದ್ದಳು. "ಬಾಯಿ ಮುಚ್ಚಿಕೊಂಡು ಕುಂತ್ರ ಗಂಟು ಕರಗತೈತೇನ್ರಿ? ಡಾಕ್ಟರ್ ಹೇಳಿದ್ದು ಕೇಳ್ರಿ. ನಡೀರಿ, ಹುಬ್ಬಳ್ಳಿಗೆ ಹೋಗೂಣು."

ನಾನು ಕೈಯೆತ್ತಿ ಅವಳನ್ನೂ ಸುಮ್ಮನಾಗಿಸುತ್ತಿದ್ದೆ. ಅವಳ ಮಾತು ಯಾವ ಹಾಳೆಯಲ್ಲೂ ಅಚ್ಚಾಗಿರಲಿಲ್ಲವಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಉಸಿರು ಸಿಕ್ಕಿಹಾಕಿಕೊಂಡಿತು. ಮತ್ತೆ ಹುಬ್ಬಳ್ಳಿ, ಅದೇ ಡಾಕ್ಟರು. ಬೈದಿದ್ದರೆ ಚಲೋ ಇತ್ತು. ಬೈಯಲಿಲ್ಲ. ಕಡತ ನೋಡುತ್ತಲೇ ಹೇಳಿದರು: "ಈಗ ಧ್ವನಿಪೆಟ್ಟಿಗೀನ ಪೂರ್ತಿ ತೆಗೀಬೇಕ್ರಿ, ಮಾಸ್ತರ."

ದನಿ ಇದ್ದ ಕೊನೆಯ ನಾಲ್ಕು ತಿಂಗಳು ನಾನು ಮಾತಾಡಿರಲಿಲ್ಲ.

ಆಪರೇಶನ್ ಆಯಿತು. ಕುತ್ತಿಗೆಯಲ್ಲಿ ಒಂದು ತೂತು, ಉಸಿರು ಅದರಿಂದಲೇ. ನರ್ಸ್ ಪ್ಯಾಡು, ಪೆನ್ನು ಕೊಟ್ಟು ಬೇಕಾದ್ದನ್ನು ಬರೆಯಿರಿ ಅಂದಳು. ಮೂರನೆಯ ದಿನ ಕಫ ಕಟ್ಟಿ ಕಣ್ಣು ಕತ್ತಲೆಯಾಯಿತು. 'ಉಸಿರು ಸಿಗುತ್ತಿಲ್ಲ, ನರ್ಸನ್ನು ಕರಿ' ಎಂದು ಗೀಚಿ ಕಮಲವ್ವನ ಕೈಗಿಟ್ಟೆ. ಅವಳು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು. ನನ್ನ ಮುಖ ನೋಡಿದಳು. ಹಾಳೆ ಹಿಡಿದುಕೊಂಡು ವರಾಂಡಕ್ಕೆ ಓಡಿ, "ಯಾರರೆ ಇದನ್ನ ಓದಿ ಹೇಳ್ರೆಪಾ," ಎಂದು ಕೂಗಿದಳು.

ಅವಳಿಗೆ ಓದಲು ಬರುವುದಿಲ್ಲ.

ಊರಿನ ಎರಡು ತಲೆಮಾರಿಗೆ ಅಕ್ಷರ ಕಲಿಸಿದವನು ನಾನು. ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದವಳಿಗೆ ಒಂದು ಅಕ್ಷರವನ್ನೂ ಹೇಳಿಕೊಡಲಿಲ್ಲ. ಅವಳು ಕೇಳಲಿಲ್ಲ ಎನ್ನುವುದು ನೆವ. ನನಗೆ ತೋಚಲೇ ಇಲ್ಲ. ಕಫ ತೆಗೆಸಿಕೊಂಡು ಉಸಿರು ಸರಿಯಾದ ಮೇಲೆ ದನಿಯಿಲ್ಲದೆ ಅತ್ತೆ. ದನಿಯಿಲ್ಲದ ಅಳು ನೋಡಲು ಭಾಳ ಕೆಟ್ಟದಾಗಿರುತ್ತದಂತೆ. ಅದನ್ನು ಅವಳೇ ಹೇಳಿದಳು.

ಈಗ ಮನೆಗೆ ಬಂದಿದ್ದೇನೆ. ಸದ್ಯ ರೋಗ ಹರಡಿದ ಗುರುತಿಲ್ಲ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದಿದ್ದಾರೆ. ಅಷ್ಟಕ್ಕೆ ಕೈಮುಗಿಯುತ್ತೇನೆ, ಹೆಚ್ಚಿಗೆ ನಂಬುವುದಿಲ್ಲ.

ಹೋದ ರವಿವಾರ ನಮ್ಮ ಹೆಡ್‌ಮಾಸ್ತರರು ಬಂದರು. ಖುರ್ಚಿಯಲ್ಲಿ ಕೂರುತ್ತಲೇ, "ಜೀವನ ಅಂದ್ರ ಮಾಸ್ತರ..." ಎಂದು ಶುರು ಮಾಡಿದರು.

"ಅದು ಇರಲಿ ಬಿಡ್ರಿ ಸರ್," ಎಂದು ಕಮಲವ್ವ, ಈಗ ನಾನು ಬರೆದು ಮಾತಾಡುವ ಸ್ಲೇಟು ಪಾಟಿಯನ್ನು ಅವರ ಕೈಗಿಟ್ಟಳು. "ಮುಂಜಾನಿಯಿಂದ ನನಗ ಏನೋ ಬರದು ಇಟ್ಟಾರ. ಓದಿ ಹೇಳ್ರಿ."

ಅವರು ಕನ್ನಡಕ ಏರಿಸಿದರು. ಓದಿಕೊಂಡು ನನ್ನ ಕಡೆ ನೋಡಿದರು. ಓದಿರಿ ಎಂದು ನಾನು ತಲೆಯಾಡಿಸಿದೆ. ಅವರು ಮೆಲ್ಲಗೆ ಓದಿದರು: "ಕಮಲಾ, ನಿನ್ನ ಮಾತು ಕೇಳಬೇಕಿತ್ತು. ತಪ್ಪಾಯಿತು."

ಅವಳು ಪಾಟಿಯನ್ನು ಈಸಿಕೊಂಡು ಸ್ವಲ್ಪ ಹೊತ್ತು ಅಕ್ಷರಗಳನ್ನೇ ನೋಡಿದಳು.

"ಹೌದು, ಕೇಳಬೇಕಿತ್ತು," ಅಂದಳು. ನನ್ನ ಗಂಜಿ ಸೋಸಲು ಒಳಗೆ ಹೋದಳು.