ಪೊರಕೆಯ ನೂರು ಕಡ್ಡಿ

ಮರಿಮೊಮ್ಮಗಳು ಪ್ಲಾಸ್ಟಿಕ್ ಕಡ್ಡಿಗಳನ್ನು ಹತ್ತು ಹತ್ತಾಗಿ ರಬ್ಬರ್ ಬ್ಯಾಂಡಿನಲ್ಲಿ ಕಟ್ಟುತ್ತಿದ್ದಾಳೆ. ನಾವು ಕಟ್ಟಿದ್ದು ತೆಂಗಿನ ಕಡ್ಡಿ, ಬಾಳೆನಾರಿನಲ್ಲಿ. ದುರ್ಗಿಗುಡಿಯ ಶಾಲೆಯಲ್ಲಿ ಮೇಷ್ಟ್ರು ನೂರು ಕಡ್ಡಿ ತರಲು ಹೇಳಿದ್ದರು. ನಾನು ಅವ್ವನ ಹೊಸ ಪೊರಕೆಯನ್ನೇ ಬಿಚ್ಚಿ ಒಯ್ದೆ. ಬಿಡಿ ಹತ್ತಾದರೆ ಒಂದು ಕಟ್ಟು, ಕಟ್ಟು ಹತ್ತಾದರೆ ನೂರು. ಅದುವರೆಗೆ ನೂರೈದನ್ನು ೧೦೦೫ ಎಂದು ಬರೆದು ಏಟು ತಿನ್ನುತ್ತಿದ್ದವಳಿಗೆ ಅವತ್ತು ಲೆಕ್ಕ ತಲೆಗೆ ಹತ್ತಿತು.

"ನಾಳೆ ಒಂದೇ ಕಡ್ಡೀನ ಹತ್ತು ಚೂರು ಮಾಡೋಣ. ಅದೇ ದಶಮಾಂಶ," ಅಂದರು ಮೇಷ್ಟ್ರು.

ಮನೆಗೆ ಬಂದರೆ ಅವ್ವ ನನ್ನ ಬಟ್ಟೆ ಗಂಟು ಕಟ್ಟಿಟ್ಟಿದ್ದಳು. ಭದ್ರಾವತಿಯಲ್ಲಿ ಅಕ್ಕ ಹೆತ್ತಿದ್ದಳು, ಭಾವನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಕೂಸು ನೋಡಿಕೊಳ್ಳಲು ನಾನು ಹೋಗಬೇಕು.

"ನಾಳೆ ಒಂದಿನ ಇಸ್ಕೂಲಿಗೆ ಹೋಗ್ತೀನಿ ಕಣವ್ವ."

"ಪೊರಕೆ ಬಿಚ್ಚೋದು ಕಲ್ತಿದ್ದು ಸಾಕು ಮಾರಾಯ್ತಿ. ಮೊದ್ಲು ಅದನ್ನ ಕಟ್ಟು."

ನೂರೂ ಕಡ್ಡಿ ಸೇರಿಸಿ ಕಟ್ಟಿದೆ. ಅವ್ವ ಅದನ್ನೇ ಗಂಟಿನ ಜೊತೆ ಕೊಟ್ಟು ಕಳಿಸಿದಳು. ಸವೆಯುವವರೆಗೂ ಅದರಲ್ಲೇ ಅಕ್ಕನ ಅಂಗಳ ಗುಡಿಸಿದೆ. ಶಾಲೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

"ಅಜ್ಜಿ, ಚುಕ್ಕಿ ಆದ್ಮೇಲೆ ಬರೋ ಐದು ಅಂದ್ರೆ ಎಷ್ಟು?" ಮರಿಮೊಮ್ಮಗಳು ಪುಸ್ತಕ ಹಿಡಿದು ಬಂದಳು.

"ನಿಮ್ಮಮ್ಮನ್ನ ಕೇಳು ಹೋಗು," ಎಂದು ಗದರಿದೆ.