ಹನ್ನೊಂದು ಗಂಟೆಗೆ ಕೇಳುವವರು ಒಬ್ಬರೇ

ಯಲಬುರ್ಗಾದ ನಮ್ಮ ರೇಡಿಯೊ ಕೇಂದ್ರಕ್ಕೆ ಎರಡೇ ಕೋಣೆ. ಒಂದರಲ್ಲಿ ಮೈಕು, ಇನ್ನೊಂದರಲ್ಲಿ ಮಾಸ್ತರು. ನಿವೃತ್ತರಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂಡಲಾರದೆ, ಊರವರನ್ನು ಸೇರಿಸಿಕೊಂಡು ಈ ಕೇಂದ್ರ ತೆರೆದವರು ಅವರೇ. ಹನ್ನೊಂದು ಗಂಟೆಯ ಕಾರ್ಯಕ್ರಮ ನನ್ನದು. ಒಂದಿಷ್ಟು ಹಾಡು, ನಡುವೆ ಕುಷ್ಟಗಿ ಸಂತೆಯ ಸುದ್ದಿ, ಮಕ್ಕಳಿಗೆ ಲಸಿಕೆ ಹಾಕುವ ದಿನ, ಆಮೇಲೆ ಕೇಳುವ ಹೆಂಗಸರ ಫೋನು. ಫೋನು ಮಾಡಿದವರ ಹಿಂದೆ ಅವರ ಮನೆಯ ರೇಡಿಯೊ ನನ್ನ ದನಿಯಲ್ಲೇ ಒದರುತ್ತಿತ್ತು. "ಮೊದಲು ರೇಡಿಯೊ ಸಣ್ಣಗ ಮಾಡ್ರೆವಾ" ಎಂದು ಹೇಳದ ದಿನವೇ ಇರಲಿಲ್ಲ.

ಟ್ರಾನ್ಸ್‌ಮಿಟರ್ ಮೂರನೆಯ ಸಲ ಕೈಕೊಟ್ಟಾಗ ಮಾಸ್ತರು ಅದರ ಆಸೆಯನ್ನೇ ಬಿಟ್ಟರು. ಎಫ್‌ಎಂ ನಿಲ್ಲಿಸಿ ಇಂಟರ್ನೆಟ್ಟಿಗೆ ಹೋಗೋಣ ಎಂದರು. "ಇನ್ನ ಮ್ಯಾಲ ನಾವು ಗಂಗಾವತಿಗೂ ಕೇಳಸ್ತೀವಿ, ಮುನಿರಾಬಾದಿಗೂ ಕೇಳಸ್ತೀವಿ!" ಎಂದು ಅವರು ಹುರುಪಿನಲ್ಲಿದ್ದರು. ಊರ ಹೊರಗಿನ ದಿಬ್ಬ ದಾಟಿದರೆ ಸತ್ತುಹೋಗುತ್ತಿದ್ದ ನಮ್ಮ ದನಿಗೆ ಇದು ದೊಡ್ಡ ಮಾತೇ. ಅವರ ವಯಸ್ಸಿನಲ್ಲಿ ಆ ಹುರುಪು ನೋಡಿ ನಾನೂ ಹೂಂ ಅಂದೆ.

ಹೊಸ ಏರ್ಪಾಡಿನಲ್ಲಿ ಕಂಪ್ಯೂಟರಿನ ಪರದೆಯ ಮೂಲೆಗೆ ಒಂದು ಅಂಕಿ ಕಾಣುತ್ತಿತ್ತು: ಈಗ ಕೇಳುತ್ತಿರುವವರು ಎಷ್ಟು ಜನ ಎಂದು. ಬೆಳಗಿನ ಭಜನೆಗೆ ಅದು ಏರುತ್ತಿತ್ತು. ಹನ್ನೊಂದಕ್ಕೆ ಮನೆಯ ಫೋನುಗಳೆಲ್ಲ ಗಂಡಸರ ಕಿಸೆಯಲ್ಲಿ ಹೊಲಕ್ಕೋ ಅಂಗಡಿಗೋ ಹೋಗಿರುತ್ತಿದ್ದವು. ನನ್ನ ಪಾಲಿಗೆ ಉಳಿದದ್ದು ಒಂದು. ದಿನಾ ಒಂದೇ. ಫೋನು ಬರುವುದೂ ನಿಂತಿತು. ಅದು ಯಾರು, ಬಂದ್ ಮಾಡಲು ಮರೆತು ಮಲಗಿದವರೋ ಎಂದು ನಾನು ಹಲ್ಲು ಕಡಿಯುತ್ತಿದ್ದೆ. ಎರಡು ತಿಂಗಳು ನೋಡಿ ಮಾಸ್ತರು, "ಆ ಹೊತ್ತಿಗೆ ಬ್ಯಾರೆ ಏನರ ಹಾಕೂಣು ತಂಗಿ. ಶನಿವಾರಕ್ಕ ಮುಗಿಸಿಬಿಡು" ಎಂದರು. ಏಳು ವರ್ಷದ ಕಾರ್ಯಕ್ರಮ ನನ್ನದು. ಆದರೆ ಆ ಒಂದನ್ನು ಮುಂದಿಟ್ಟುಕೊಂಡು ಏನೆಂದು ವಾದ ಮಾಡಲಿ?

ಗುರುವಾರ ಮೈಕಿನಲ್ಲಿ ವಿಷಯ ಹೇಳಿ ಹಾಡು ಹಾಕಿದೆ. ನೋಡುತ್ತಿದ್ದಂತೆ ಒಂದು ಹೋಗಿ ಸೊನ್ನೆಯಾಯಿತು. ಉಳಿದಿದ್ದ ಒಬ್ಬರೂ ಎದ್ದು ಹೋದರಲ್ಲ ಎಂದು ಕಣ್ಣು ತುಂಬಿತು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ರಿಂಗಾಯಿತು.

"ಯಾಕ್ರೀ ಬಂದ್ ಮಾಡ್ತೀರಿ?" ಹೆಂಗಸಿನ ದನಿ, ಜಗಳಕ್ಕೇ ನಿಂತಂತಿತ್ತು. "ನಾವು ಬಸ್ ಸ್ಟ್ಯಾಂಡ್ ಹಿಂದಿನ ಖಾನಾವಳಿಗೆ ರೊಟ್ಟಿ ಬಡಿಯೋ ಮಂದಿ. ನಿಮ್ಮ ಒಂದು ಹಾಡಿಗೆ ನಮ್ದು ಮೂರು ರೊಟ್ಟಿ ಆಗ್ತಾವು."

ಮಾಸ್ತರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ. ಅವಳ ಹಿಂದೆ ಟಪಟಪ ಸಪ್ಪಳ. ಒಂದು ಜೊತೆ ಕೈಯದಲ್ಲ.

"ಎಷ್ಟು ಮಂದಿ ಅದೀರಿ ಅಲ್ಲೆ?"

"ಹದಿನಾಕು ಮಂದಿ. ಫೋನ್ ಖಾಲಿ ಕೊಡದಾಗ ಇಟ್ಟಿರ್ತೀವ್ರಿ, ಅಂದ್ರ ಎಲ್ಲಾರಿಗೂ ಕೇಳ್ತೈತಿ."

"ಮತ್ತ ಇಷ್ಟು ದಿನ ಒಂದು ಫೋನರ ಹಚ್ಚಬಾರದೇನವಾ?"

"ಹ್ಯಾಂಗ ಹಚ್ಚೂದ್ರಿ? ಮೊದಲ ರೇಡಿಯೊ ಬ್ಯಾರೆ ಇತ್ತು, ಫೋನ್ ಬ್ಯಾರೆ ಇತ್ತು. ಈಗ ಎರಡೂ ಇದ ಒಂದರಾಗ. ನಿಮಗ ಹಚ್ಚಿದ್ರ ಹಾಡು ನಿಂದರತೈತಿ, ಇವರೆಲ್ಲಾ ನನ್ನ ಬಯ್ತಾರ. ಈಗೂ ಬಯ್ಯಾಕತ್ಯಾರ. ಲಗೂ ಹೇಳ್ರಿ, ಬಂದ್ ಮಾಡ್ತೀರೊ ಇಲ್ಲೊ?"

ಎರಡು ತಿಂಗಳು ನಾನು ಶಪಿಸಿದ್ದು ಇವರನ್ನೇ. ಹಾಡು ಒಂದು ಕ್ಷಣವೂ ನಿಲ್ಲಬಾರದೆಂದು ಅವರು ಸುಮ್ಮನಿದ್ದರು, ನಾನು ಆ ಮೌನವನ್ನೇ ತಿರಸ್ಕಾರ ಎಂದುಕೊಂಡಿದ್ದೆ. ಕೈತುಂಬ ಹಿಟ್ಟು, ಮುಂದೆ ಉರಿಯುವ ಒಲೆ, ನಡುವೆ ಒಂದು ಕೊಡ. ಇಂಥ ಕೇಳುಗರು ಯಾವ ದೊಡ್ಡ ಕೇಂದ್ರಕ್ಕಿದ್ದಾರು? ನಾನು ಬಾಗಿಲಿಗೆ ಬಂದು ನಿಂತಿದ್ದ ಮಾಸ್ತರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಿದ್ದರು.

"ಬಂದ್ ಮಾಡೂದಿಲ್ಲ ಅಂತ ಹೇಳು" ಎಂದರು.

ನಾನು ಹೇಳುವ ಮೊದಲೇ, "ಕೇಳಿಸ್ತ್ರಿ" ಎಂದು ಅವಳು ಫೋನು ಇಟ್ಟುಬಿಟ್ಟಳು. ಹಾಡು ಇನ್ನೂ ಮುಗಿದಿರಲಿಲ್ಲ. ನಾವಿಬ್ಬರೂ ಪರದೆಯ ಮೂಲೆಯನ್ನೇ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಸೊನ್ನೆ ಅಳಿದು ಒಂದು ಮೂಡಿತು.

"ಬಂದ್ರು ನೋಡ ತಂಗಿ" ಎಂದರು ಮಾಸ್ತರು, "ಎಲ್ಲಾರೂ."